ಮೂರು ಗಂಟೆಯೊಳಗೆ ಬಾರಿಸಬೇಕಾದ ಗಂಟೆ

1996ರ ಜನವರಿ 13, ಶನಿವಾರದ ಮಧ್ಯಾಹ್ನ. ಅಮೆರಿಕದ ಟೆಕ್ಸಾಸ್ ರಾಜ್ಯದ ಆರ್ಲಿಂಗ್‌ಟನ್‌ನಲ್ಲಿ, ಬಾಗಿಲು ಮುಚ್ಚಿಹೋಗಿದ್ದ ಒಂದು ದಿನಸಿ ಮಳಿಗೆಯ ಮುಂದಿನ ಬಯಲಲ್ಲಿ ಒಂಬತ್ತು ವರ್ಷದ ಆಂಬರ್ ಹ್ಯಾಗರ್‌ಮನ್ ಸೈಕಲ್ ತುಳಿಯುತ್ತಿದ್ದಳು. ಐದು ವರ್ಷದ ತಮ್ಮ ಅಜ್ಜ-ಅಜ್ಜಿಯ ಮನೆಯತ್ತ ಹೊರಟಿದ್ದ. ಇವಳು ಇನ್ನೂ ಸುತ್ತು ಹಾಕುತ್ತಿದ್ದಳು. ಕಪ್ಪು ಪಿಕಪ್ ಟ್ರಕ್ಕಿನಲ್ಲಿ ಬಂದವನೊಬ್ಬ ಅವಳನ್ನು ಸೈಕಲ್ ಮೇಲಿಂದ ಎತ್ತಿ ಗಾಡಿಗೆ ತುಂಬಿಕೊಂಡು ಹೋದ. ಹಿತ್ತಲಲ್ಲಿದ್ದ ವೃದ್ಧರೊಬ್ಬರು ಕಣ್ಣಾರೆ ಕಂಡರು, ಪೊಲೀಸರಿಗೆ ಫೋನ್ ಮಾಡಿದರು. ಅಂದರೆ ಗಾಡಿಯ ಬಣ್ಣ, ಬಗೆ, ಜಾಗ, ಹೊತ್ತು ಎಲ್ಲವೂ ಬೇಗನೆ ಪೊಲೀಸರ ಕೈಯಲ್ಲಿದ್ದವು. ಅದೇ ಹೊತ್ತಿಗೆ ಸುತ್ತಲಿನ ರಸ್ತೆಗಳಲ್ಲಿ ಸಾವಿರಾರು ಜನ ರೇಡಿಯೊ ಕೇಳುತ್ತ ಕಾರು ಓಡಿಸುತ್ತಿದ್ದರು. ಅವರಿಗೆ ಇದನ್ನು ತಲುಪಿಸುವ ದಾರಿ ಮಾತ್ರ ಇರಲಿಲ್ಲ. ನಾಲ್ಕು ದಿನದ ಮೇಲೆ ಹುಡುಗಿಯ ಹೆಣ ಒಂದು ತೊರೆಯಲ್ಲಿ ಸಿಕ್ಕಿತು. ಕೊಂದವನು ಯಾರೆಂದು ಪತ್ತೆಯಾಗಲೇ ಇಲ್ಲ.

ಟೆಕ್ಸಾಸ್ ಸುಂಟರಗಾಳಿಯ ನಾಡು. ಗಾಳಿ ಎದ್ದಿತೆಂದರೆ ಹಾಡು ನಿಲ್ಲಿಸಿ ಎಚ್ಚರಿಕೆ ಕೊಡುವುದು ಅಲ್ಲಿನ ರೇಡಿಯೊ ಕೇಂದ್ರಗಳಿಗೆ ರೂಢಿ. ಗಾಳಿಗೆ ಹೀಗೆ ಮಾಡುವವರು ಮಗುವಿಗೆ ಯಾಕೆ ಮಾಡಬಾರದು ಎಂದು ಆ ಭಾಗದ ಮಹಿಳೆಯೊಬ್ಬರು ಒಂದು ರೇಡಿಯೊ ಕೇಂದ್ರಕ್ಕೆ ಫೋನ್ ಮಾಡಿ ಕೇಳಿದರು. ಅದೇ ವರ್ಷ ಡಲ್ಲಾಸ್ ಸುತ್ತಮುತ್ತಲಿನ ಕೇಂದ್ರಗಳೂ ಪೊಲೀಸರೂ ಸೇರಿ ಆ ಪ್ರಶ್ನೆಯನ್ನೇ ವ್ಯವಸ್ಥೆಯಾಗಿಸಿದರು. ‘ಆಂಬರ್ ಅಲರ್ಟ್’ ಹುಟ್ಟಿದ್ದು ಹೀಗೆ. 2003ರಲ್ಲಿ ಅದಕ್ಕೆ ರಾಷ್ಟ್ರಮಟ್ಟದ ಕಾನೂನಿನ ಬಲ ಬಂತು; 2013ರಿಂದ ಅದು ಜನರ ಮೊಬೈಲಿನಲ್ಲೇ ಚೀರತೊಡಗಿತು. ಇವತ್ತು ಹಲವು ದೇಶಗಳಲ್ಲಿ ಇದರ ನಕಲುಗಳಿವೆ.

ಇಷ್ಟು ಸರಳ, ಇಷ್ಟು ಮಾನವೀಯ ಉಪಾಯವನ್ನು ಅನುಮಾನಿಸುವುದೇ ಕಷ್ಟ. ಆದರೂ ಕಳೆದ ಇಪ್ಪತ್ತು ವರ್ಷಗಳಲ್ಲಿ ಕೆಲವರು ಅನುಮಾನಿಸಿದರು, ಲೆಕ್ಕ ಹಾಕಿದರು. ಈ ಅಧ್ಯಾಯ ಅವರ ಲೆಕ್ಕದ ಬಗ್ಗೆ.

ಕನ್ನಡದಲ್ಲಿ ‘ಗಂಟೆ’ ಅಂದರೆ ಹೊತ್ತೂ ಹೌದು, ಬಾರಿಸುವ ಲೋಹವೂ ಹೌದು. ನಮ್ಮ ವಿಷಯಕ್ಕೆ ಇದಕ್ಕಿಂತ ಒಳ್ಳೆಯ ಪದ ಸಿಗಲಾರದು. ವಾಷಿಂಗ್‌ಟನ್ ರಾಜ್ಯದ ಅಟಾರ್ನಿ ಜನರಲ್ ಕಚೇರಿಯವರು ಅಪಹರಣಕ್ಕೊಳಗಾಗಿ ಕೊಲೆಯಾದ ಮಕ್ಕಳ ಕಡತಗಳನ್ನು ಒಟ್ಟು ಹಾಕಿ 1997ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು, 2006ರಲ್ಲಿ ಅದನ್ನು ಹಿಗ್ಗಿಸಿದರು. ಹೀಗೆ ಸತ್ತ ಮಕ್ಕಳಲ್ಲಿ ಸುಮಾರು ಮುಕ್ಕಾಲು ಪಾಲು ಮೂರು ಗಂಟೆಯೊಳಗೇ ಜೀವ ಕಳೆದುಕೊಂಡಿದ್ದರು. ಅರ್ಧದ ಹತ್ತಿರ ಹತ್ತಿರ ಮಕ್ಕಳಿಗೆ ಒಂದು ಗಂಟೆಯೂ ಸಿಕ್ಕಿರಲಿಲ್ಲ. ಅದೇ ಅಧ್ಯಯನದಲ್ಲಿ ಇನ್ನೊಂದು ಅಂಕಿಯಿದೆ, ಯಾಕೋ ಅದನ್ನು ಯಾರೂ ಅಷ್ಟಾಗಿ ಉಲ್ಲೇಖಿಸುವುದಿಲ್ಲ: ನೂರರಲ್ಲಿ ಅರವತ್ತು ಪ್ರಕರಣಗಳಲ್ಲಿ ದೂರು ಪೊಲೀಸರನ್ನು ಮುಟ್ಟುವುದೇ ಎರಡು ಗಂಟೆಗೂ ಹೆಚ್ಚು ತಡವಾಗಿತ್ತು. ಪಕ್ಕದ ಮನೆಯಲ್ಲಿರಬಹುದು, ಗೆಳತಿಯ ಜೊತೆ ಹೋಗಿರಬಹುದು, ಇನ್ನೇನು ಬಂದಾಳು. ಯಾವ ತಾಯಿ-ತಂದೆಯಾದರೂ ಮೊದಲು ಹೀಗೇ ಅಂದುಕೊಳ್ಳುತ್ತಾರೆ.

ಮೂರರಲ್ಲಿ ಎರಡು ಕಳೆದರೆ ಒಂದು. ಆ ಒಂದು ಗಂಟೆಯೊಳಗೆ ಪೊಲೀಸ್ ಬರಬೇಕು, ಹೇಳಿಕೆ ಪಡೆಯಬೇಕು, ಇದು ಅಪಹರಣವೇ ಎಂದು ಮನವರಿಕೆಯಾಗಬೇಕು, ಜೀವಕ್ಕೆ ಅಪಾಯವಿದೆ ಎಂದು ಒಪ್ಪಬೇಕು, ಗಾಡಿಯ ವಿವರ ಸಿಗಬೇಕು, ಮೇಲಧಿಕಾರಿಯ ಸಹಿಯಾಗಬೇಕು. ಆಮೇಲೆ ಗಂಟೆ ಬಾರಿಸಬೇಕು. ಬಾರಿಸಿದ ಮೇಲೆ ಸರಿಯಾದ ರಸ್ತೆಯಲ್ಲಿರುವ ಸರಿಯಾದ ಮನುಷ್ಯ ಅದನ್ನು ಓದಿ, ತಲೆಯೆತ್ತಿ, ನೋಡಬೇಕು. ಸರಪಳಿಯಲ್ಲಿ ನಮಗೆ ಕಾಣುವುದು ಕೊನೆಯ ಕೊಂಡಿ ಮಾತ್ರ. ಸುಧಾರಣೆ ಎಂದರೆ ಆ ಕೊನೆಯ ಕೊಂಡಿಗೆ ಬಣ್ಣ ಹಚ್ಚುವುದು ಎಂದು ಸರ್ಕಾರಗಳು ಭಾವಿಸಿರುವುದೂ ಬಹುಶಃ ಇದಕ್ಕೇ.

ಮೊದಲ ದೊಡ್ಡ ಯಶಸ್ಸು ಸಿಕ್ಕಿದ್ದು 1998ರಲ್ಲಿ, ಅದೇ ಆರ್ಲಿಂಗ್‌ಟನ್‌ನಲ್ಲಿ. ಎರಡು ತಿಂಗಳ ಕೂಸನ್ನು ನೋಡಿಕೊಳ್ಳುತ್ತಿದ್ದಾಕೆ ಅದನ್ನೆತ್ತಿಕೊಂಡು ಹೋಗಿದ್ದಳು. ಎಚ್ಚರಿಕೆ ಪ್ರಸಾರವಾಗಿ ಸುಮಾರು ಒಂದೂವರೆ ಗಂಟೆಯಲ್ಲಿ ಒಬ್ಬ ಚಾಲಕ ಆ ಗಾಡಿಯನ್ನು ಗುರುತಿಸಿದ. ಕೂಸು ಸುರಕ್ಷಿತವಾಗಿ ಮರಳಿತು. ಸಂತೋಷದ ಸುದ್ದಿಯೇ. ಆದರೆ ಗಮನಿಸಿ: ಎತ್ತಿಕೊಂಡು ಹೋದವಳು ಯಾರೆಂದು ಗೊತ್ತಿತ್ತು, ಗಾಡಿ ಯಾವುದೆಂದು ಗೊತ್ತಿತ್ತು, ಕೊಲ್ಲುವ ಉದ್ದೇಶ ಕಂಡುಬಂದಿರಲಿಲ್ಲ.

ನೆವಾಡಾ ವಿಶ್ವವಿದ್ಯಾಲಯದ ಅಪರಾಧಶಾಸ್ತ್ರಜ್ಞ ತಿಮೋತಿ ಗ್ರಿಫಿನ್ ಈ ಅಂಶವನ್ನೇ ಹಿಡಿದು ಕೂತರು. 2016ರಲ್ಲಿ ಅವರ ತಂಡ ಪ್ರಕಟಿಸಿದ ವಿಶ್ಲೇಷಣೆಯಲ್ಲಿ 448 ಎಚ್ಚರಿಕೆಗಳಿದ್ದವು. ನಾಲ್ಕರಲ್ಲಿ ಒಂದಕ್ಕಿಂತ ತುಸು ಹೆಚ್ಚು ಪ್ರಕರಣಗಳಲ್ಲಿ ಮಗು ಸಿಗಲು ಎಚ್ಚರಿಕೆ ನೆರವಾಗಿತ್ತು. ಆದರೆ ಹಾಗೆ ಸಿಕ್ಕ ಮಕ್ಕಳನ್ನು ಒಯ್ದವರು ಬಹುಮಟ್ಟಿಗೆ ತಂದೆಯೋ ತಾಯಿಯೋ ಪರಿಚಿತರೋ ಆಗಿದ್ದರು. ಎಚ್ಚರಿಕೆಯ ಹಂಗಿಲ್ಲದೆ ಸಿಕ್ಕ ಮಕ್ಕಳ ಪ್ರಕರಣಗಳಿಗೂ ಇವಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಆಂಬರಳಂಥ ಮಕ್ಕಳನ್ನು, ಅಂದರೆ ಅಪರಿಚಿತ ಕೊಲೆಗಡುಕನ ಕೈಗೆ ಸಿಕ್ಕವರನ್ನು ಈ ಗಂಟೆ ಉಳಿಸುತ್ತದೆ ಎಂಬುದಕ್ಕೆ ಪುರಾವೆ ತೀರ ತೆಳು. ಇದಕ್ಕೂ ಮೊದಲೇ, 2008ರಲ್ಲಿ, ಗ್ರಿಫಿನ್ ಮತ್ತು ಮೋನಿಕಾ ಮಿಲ್ಲರ್ ಇದನ್ನು ‘ಅಪರಾಧ ನಿಯಂತ್ರಣದ ರಂಗಭೂಮಿ’ ಎಂದು ಕರೆದಿದ್ದರು. ವೇದಿಕೆ, ಬೆಳಕು, ಸದ್ದು ಎಲ್ಲ ಇದೆ. ನಿಯಂತ್ರಣ ಎಷ್ಟಿದೆ ಎಂಬುದೇ ಪ್ರಶ್ನೆ.

ನನಗೆ ಈ ಬೈಗುಳ ತುಸು ಜಾಸ್ತಿಯಾಯಿತು ಅನ್ನಿಸುತ್ತದೆ. ಈ ವ್ಯವಸ್ಥೆಯಿಂದ ಸಾವಿರಕ್ಕೂ ಹೆಚ್ಚು ಮಕ್ಕಳು ಮನೆಗೆ ಮರಳಿದ್ದಾರೆ ಎಂದು ಅಮೆರಿಕದ ಅಧಿಕಾರಿಗಳ ಲೆಕ್ಕ ಹೇಳುತ್ತದೆ. ಕುಡಿದ ಅಪ್ಪನ ಕಾರಿನಿಂದ ಕೂಸನ್ನು ಇಳಿಸಿಕೊಂಡದ್ದು ಸಣ್ಣ ಕೆಲಸವೇನಲ್ಲ. ಆದರೆ ಗ್ರಿಫಿನ್ ಕೇಳುವ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾಗದು: ಗಂಟೆ ಬಾರಿಸದಿದ್ದರೆ ಆ ಸಾವಿರದಲ್ಲಿ ಎಷ್ಟು ಮಕ್ಕಳು ಹೇಗೂ ಮರಳುತ್ತಿದ್ದರು? ಮಾತ್ರೆ ತಿಂದೆ, ನೆಗಡಿ ವಾರದಲ್ಲಿ ಹೋಯಿತು ಎಂದವನನ್ನು ವೈದ್ಯ ಕೇಳುವ ಪ್ರಶ್ನೆಯೇ ಇದು.

ಹಾಗಾದರೆ ಎಲ್ಲ ಮಕ್ಕಳಿಗೂ, ದೂರು ಬಂದ ಕೂಡಲೇ, ಯೋಚಿಸದೆ ಗಂಟೆ ಬಾರಿಸಿಬಿಟ್ಟರೆ? ಯೋಚಿಸಿ ಬಾರಿಸಿದರೂ ಏನಾಗುತ್ತದೆಂದು ಒಂದು ಕಾಲ್ಪನಿಕ ಲೆಕ್ಕ ಮಾಡೋಣ. ಒಂದು ರಾಜ್ಯದಲ್ಲಿ ವರ್ಷಕ್ಕೆ ಒಂದು ಲಕ್ಷ ನಾಪತ್ತೆ ದೂರುಗಳು. ಅವುಗಳಲ್ಲಿ ನಿಜಕ್ಕೂ ಜೀವಾಪಾಯದ ಅಪಹರಣ ನೂರು. ಯಾವ ದೂರು ಅಪಾಯದ್ದು ಎಂದು 100ಕ್ಕೆ 99 ಸಲ ಸರಿಯಾಗಿ ಹೇಳಬಲ್ಲ ಅದ್ಭುತ ಅಧಿಕಾರಿಯೊಬ್ಬ ಇದ್ದಾನೆನ್ನಿ. ನಿಜವಾದ ನೂರರಲ್ಲಿ ಅವನು 99ನ್ನು ಹಿಡಿಯುತ್ತಾನೆ. ಉಳಿದ 99,900 ದೂರುಗಳಲ್ಲಿ ನೂರಕ್ಕೊಂದರಂತೆ ತಪ್ಪುತ್ತಾನೆ: 999. ಒಟ್ಟು ಗಂಟೆಗಳು 1098, ನಿಜವಾದವು 99. ಹನ್ನೊಂದು ಸಲ ಬಡಿದುಕೊಂಡರೆ ಹತ್ತು ಸಲ ಸುಳ್ಳು. (1098 ನಮ್ಮ ಮಕ್ಕಳ ಸಹಾಯವಾಣಿಯ ಸಂಖ್ಯೆಯೂ ಹೌದು. ಲೆಕ್ಕ ಮುಗಿದ ಮೇಲಷ್ಟೇ ನನಗಿದು ಹೊಳೆದದ್ದು.) ತೀರ ಅಪರೂಪದ ಘಟನೆಯನ್ನು ಹುಡುಕಹೊರಟ ಯಾವ ಪರೀಕ್ಷೆಗೂ ಈ ಶಾಪವಿದೆ, ಅದು ಕ್ಯಾನ್ಸರಿನ ತಪಾಸಣೆಯಿರಲಿ, ಕಳ್ಳ ಲೆಕ್ಕ ಹಿಡಿಯುವ ತಂತ್ರಾಂಶವಿರಲಿ.

ಅದಕ್ಕೇ ಅಮೆರಿಕದ ನ್ಯಾಯ ಇಲಾಖೆಯ ಮಾನದಂಡ ಬಿಗಿಯಾಗಿದೆ: ಅಪಹರಣವೆಂಬ ನಂಬಿಕೆಗೆ ಆಧಾರವಿರಬೇಕು, ಗಂಭೀರ ಅಪಾಯವಿರಬೇಕು, ಜನಕ್ಕೆ ಹೇಳಲು ಸಾಕಷ್ಟು ವಿವರವಿರಬೇಕು, ವಯಸ್ಸು 17 ಮೀರಿರಬಾರದು. 2022ರಲ್ಲಿ ಅಲ್ಲಿನ ಪೊಲೀಸ್ ದಾಖಲೆಗೆ ಸೇರಿದ ನಾಪತ್ತೆ ಮಕ್ಕಳ ನಮೂದುಗಳು ಸುಮಾರು 3.59 ಲಕ್ಷ, ಹೊರಬಿದ್ದ ಆಂಬರ್ ಎಚ್ಚರಿಕೆಗಳು 181. ಎರಡು ಸಾವಿರಕ್ಕೆ ಒಂದಕ್ಕೂ ತುಸು ಹೆಚ್ಚು, ಅಷ್ಟೆ.

ಬಿಗಿ ಸಡಿಲವಾದರೆ ಏನಾಗುತ್ತದೆ ಎಂಬುದಕ್ಕೆ ‘ತೋಳ ಬಂತು ತೋಳ’ ಕತೆಯೇ ಸಾಕು, ವಿಜ್ಞಾನ ಬೇಕಿಲ್ಲ. ಆದರೂ ಟೆಕ್ಸಾಸಿನ ಉದಾಹರಣೆ ಹೇಳದೆ ಇರಲಾರೆ. 2021ರ ಜನವರಿಯಲ್ಲಿ ಅಲ್ಲಿನ ಪೊಲೀಸ್ ಇಲಾಖೆಯಿಂದ ಪರೀಕ್ಷಾರ್ಥ ಸಂದೇಶವೊಂದು ಕೈತಪ್ಪಿ ಚಂದಾದಾರರ ಇಮೇಲ್‌ಗೆ ಹೋಯಿತು, ಒಂದಲ್ಲ, ಮೂರು ಸಲ. ಶಂಕಿತನ ಹೆಸರು ಚಕ್ಕಿ, ಎತ್ತರ ಮೂರಡಿ ಚಿಲ್ಲರೆ, ಕೈಯಲ್ಲಿ ಅಡುಗೆಮನೆಯ ಚಾಕು. ಚಕ್ಕಿ ಹಾಲಿವುಡ್ಡಿನ ಭಯಾನಕ ಚಿತ್ರಗಳ ಕೊಲೆಗಾರ ಗೊಂಬೆ! ನಗು ಬರುತ್ತದೆ ನಿಜ. ಅದೇ ನೆಲದಲ್ಲಿ ಆಂಬರ್ ಸತ್ತಿದ್ದಳು ಎಂಬುದು ನೆನಪಾದರೆ ನಗು ಅಲ್ಲೇ ನಿಲ್ಲುತ್ತದೆ.

ಕೆನಡಾದ ಒಂಟಾರಿಯೊದಲ್ಲಿ 2019ರ ಫೆಬ್ರುವರಿ 14ರ ತಡರಾತ್ರಿ ಫೋನುಗಳು ಚೀರಿದಾಗ ನಗುವಂಥದ್ದೇನೂ ಇರಲಿಲ್ಲ. ಹನ್ನೊಂದು ವರ್ಷದ ಹುಡುಗಿಯನ್ನು ತಂದೆಯೇ ಕರೆದೊಯ್ದಿದ್ದ. ಎಚ್ಚರಿಕೆ ಕಂಡ ಒಬ್ಬರು ಕೊಟ್ಟ ಸುಳಿವಿನಿಂದ ಆತ ಸಿಕ್ಕಿಬಿದ್ದ. ಹುಡುಗಿ ಅಷ್ಟರಲ್ಲೇ ಸತ್ತಿದ್ದಳು. ಆ ರಾತ್ರಿ ಹಲವರು ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿದರು, ಸುಳಿವು ಕೊಡಲಿಕ್ಕಲ್ಲ, ನಿದ್ದೆ ಕೆಟ್ಟಿತೆಂದು ದೂರಲಿಕ್ಕೆ. ಅವರನ್ನು ಹೃದಯಹೀನರೆಂದು ಬೈದು ಮುಗಿಸುವುದು ಸುಲಭ. ಆದರೆ ಬೈದರೆ ಆ ಬೇಸರ ಹೋಗುವುದಿಲ್ಲ. ಅಮೆರಿಕದಲ್ಲಾದರೆ ಇಂಥವರು ದೂರುವುದಿಲ್ಲ. ಫೋನಿನಲ್ಲಿ ಆಂಬರ್ ಎಚ್ಚರಿಕೆಯನ್ನು ಸುಮ್ಮನೆ ಆರಿಸಿಬಿಡುತ್ತಾರೆ, ಅಲ್ಲಿ ಆ ಅವಕಾಶವಿದೆ. ಒಮ್ಮೆ ಆರಿದ್ದನ್ನು ಯಾರೂ ಮತ್ತೆ ಹೊತ್ತಿಸುವುದಿಲ್ಲ. ಜನರ ಗಮನ ಕೆರೆಯ ನೀರಿನಂತೆ. ತೂಬು ಎತ್ತಿದಷ್ಟೂ ಇಳಿಯುತ್ತದೆ.

ಇನ್ನು ಆ ಗಮನ ಸಿಕ್ಕಿತೆಂದೇ ಇಟ್ಟುಕೊಳ್ಳಿ. ನೋಡಿದವನು ಗುರುತಿಸುತ್ತಾನೆಯೇ?

2013ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದಾದ್ಯಂತ ರಾತ್ರಿ ಫೋನುಗಳು ಒಮ್ಮೆಲೆ ಕಿರುಚಿದವು. ಹದಿನಾರರ ಹುಡುಗಿಯೊಬ್ಬಳನ್ನು ಕುಟುಂಬದ ಪರಿಚಯಸ್ಥನೇ ಅಪಹರಿಸಿದ್ದ. ಆಗಿನ ಸಂದೇಶಕ್ಕೆ 90 ಅಕ್ಷರಗಳ ಮಿತಿ. ಹಾಗಾಗಿ ನೀಲಿ ನಿಸ್ಸಾನ್ ವರ್ಸಾ ಕಾರು ಮತ್ತು ಅದರ ನಂಬರು ಮುಖ್ಯವಾದವು. ಲಕ್ಷಾಂತರ ಜನ ನೀಲಿ ಕಾರು ಹುಡುಕಿದರು. ಹುಡುಗಿ ಸಿಕ್ಕಿದ್ದು ದೂರದ ಐಡಾಹೊ ರಾಜ್ಯದ ಕಾಡಿನಲ್ಲಿ, ಈ ಎಚ್ಚರಿಕೆಯ ಸುದ್ದಿಯೇ ಗೊತ್ತಿರದ ಕುದುರೆ ಸವಾರರಿಂದ. ಅವರು ಕಾಡಿನ ಹಾದಿಯಲ್ಲಿ ಒಬ್ಬ ಗಂಡಸನ್ನೂ ಒಂದು ಹುಡುಗಿಯನ್ನೂ ಕಂಡಿದ್ದರು. ಮುಖಗಳಿಗಿಂತ ಹೆಚ್ಚಾಗಿ ಅವರ ಮನಸ್ಸಿನಲ್ಲಿ ಉಳಿದದ್ದು ವಿಚಿತ್ರವೊಂದು: ದಟ್ಟ ಕಾಡಿಗೆ ಬಂದವಳು ಮಲಗುವ ಪೈಜಾಮದಲ್ಲಿದ್ದಳು. ಮನೆಗೆ ಮರಳಿ ಟಿವಿ ಹಾಕಿದಾಗ ಸುದ್ದಿಯೂ ಆ ವಿಚಿತ್ರವೂ ಒಂದಕ್ಕೊಂದು ಕೂಡಿಕೊಂಡವು. ಪೊಲೀಸರಿಗೆ ಫೋನ್ ಹೋಯಿತು, ಹುಡುಗಿ ಜೀವಂತ ಸಿಕ್ಕಳು.

ಮನೋವಿಜ್ಞಾನಿಗಳಿಗೆ ಇದು ಅಚ್ಚರಿಯಲ್ಲ. ನೆನಪಿನಲ್ಲಿ ಹಿಂದೆ ನೋಡುವ ಬಗೆಯೊಂದು, ಮುಂದೆ ಕಾಯುವ ಬಗೆಯೊಂದು. ‘ನಿನ್ನೆ ಕಂಡ ಹುಡುಗಿ ಇವಳೇ’ ಎನ್ನುವುದು ಮೊದಲನೆಯದು. ‘ನಾಳೆ ಇವಳು ಕಂಡರೆ ಗುರುತಿಸಬೇಕು’ ಎನ್ನುವುದು ಎರಡನೆಯದು; ಪೇಟೆಗೆ ಹೋದವರು ತರಬೇಕಾದ ಕೊತ್ತಂಬರಿಯನ್ನೇ ಮರೆತು ಬರುವುದು ಈ ನೆನಪಿನ ದೌರ್ಬಲ್ಯದಿಂದ. ಆರ್ಕನ್ಸಾ ವಿಶ್ವವಿದ್ಯಾಲಯದ ಜೇಮ್ಸ್ ಲ್ಯಾಂಪಿನೆನ್ ಮತ್ತು ಸಂಗಡಿಗರು ಎರಡನೆಯ ಬಗೆಯನ್ನೇ ವರ್ಷಗಟ್ಟಲೆ ಪರೀಕ್ಷಿಸಿದರು. ಮೊದಲು ‘ನಾಪತ್ತೆ’ಯಾದವರ ಫೋಟೊ ತೋರಿಸಿ, ಆಮೇಲೆ ಆ ವ್ಯಕ್ತಿಯನ್ನೇ ಎದುರಿಗೆ ನಿಲ್ಲಿಸಿದರೂ ಗುರುತಿಸಿದವರು ಕೆಲವೇ ಮಂದಿ. ಅಂಗಡಿಯ ಬಾಗಿಲಿನ ಪೋಸ್ಟರುಗಳ ಕುರಿತು ಗಿರಾಕಿಗಳನ್ನು ಕೇಳಿದಾಗ, ಇವು ಬಹಳ ಮುಖ್ಯ ಎಂದವರೇ ಬಹುಪಾಲು. ಆ ದಿನ ಅವುಗಳತ್ತ ಕಣ್ಣು ಹಾಯಿಸಿಲ್ಲ ಎಂದವರೂ ಬಹುಪಾಲು. ಮನೋವಿಜ್ಞಾನಿ ವಿಕಿ ಗಿಯರ್ ಅವರ ತಂಡ 2012ರಲ್ಲಿ ಫೋಟೊದ ಬಗೆಯನ್ನು ಪರೀಕ್ಷಿಸಿತು. ತಲೆ ಬಾಚಿ, ಮುಖ ತೊಳೆದು, ನಗಿಸಿ ತೆಗೆದ ಶಾಲೆಯ ಫೋಟೊ ನೋಡಿದವರು ಅದೇ ಮಗುವನ್ನು ಕೊಳಕಾಗಿ, ಕೆದರಿದ ಕೂದಲಲ್ಲಿ ಕಂಡಾಗ ಎಡವಿದರು. ಅಪಹೃತ ಮಗು ಶಾಲೆಯ ಫೋಟೊದಂತೆ ಇರುವುದಿಲ್ಲವಲ್ಲ. ಒಂದರ ಬದಲು ಬೇರೆ ಬೇರೆ ಹೊತ್ತಿನ ಹಲವು ಫೋಟೊ ಕೊಡಿ ಎನ್ನುವುದು ಕಾಸು ಖರ್ಚಿಲ್ಲದ ಸುಧಾರಣೆ. ಜೊತೆಗೆ ‘ಇವಳನ್ನು ಹುಡುಕಿ’ ಎನ್ನುವುದರಷ್ಟೇ ಒತ್ತಿ ‘ನಿನ್ನೆ ಇಂಥದ್ದೇನಾದರೂ ಕಂಡಿರಾ’ ಎಂದೂ ಕೇಳಬೇಕು. ಕುದುರೆ ಸವಾರರಿಂದ ನಾನು ಕಲಿತದ್ದು ಇದು. ಇಷ್ಟಾದರೂ ಎಚ್ಚರಿಕೆಗಳ ಧಾಟಿ ಈಗಲೂ ಮುಂದೆ ಕಾಯುವುದೇ.

ತಂತ್ರಜ್ಞಾನ ಬೇರೊಂದು ದಿಕ್ಕಿನಲ್ಲಿ ಉತ್ತರ ಕೊಟ್ಟಿದೆ. ಮೊಬೈಲಿಗೆ ಬರುವ ತುರ್ತು ಸಂದೇಶ ಎಸ್ಸೆಮ್ಮೆಸ್ ಅಲ್ಲ. ಎಸ್ಸೆಮ್ಮೆಸ್ ಅಂಚೆಯಣ್ಣನಂತೆ, ಮನೆಮನೆಗೂ ಬಾಗಿಲು ಬಡಿಯಬೇಕು. ಬಟವಾಡೆ ಹೆಚ್ಚಾದರೆ ದಾರಿಯೇ ಕಟ್ಟಿಹೋಗುತ್ತದೆ. ಸೆಲ್ ಬ್ರಾಡ್‌ಕಾಸ್ಟ್ ಡಂಗುರದಂತೆ: ಟವರು ಒಮ್ಮೆ ಕೂಗುತ್ತದೆ, ಅದರ ಸುತ್ತಲಿರುವ ಎಲ್ಲ ಫೋನುಗಳೂ ಕೇಳಿಸಿಕೊಳ್ಳುತ್ತವೆ. ಯಾರ ನಂಬರೂ ಬೇಡ, ಯಾರು ಕೇಳಿದರೆಂಬ ದಾಖಲೆಯೂ ಇಲ್ಲ. ಈಗ ಹೊಸ ಫೋನುಗಳೇ ತಾವಿರುವ ಜಾಗವನ್ನು ನಕ್ಷೆಯ ಗಡಿಗೆ ಹೋಲಿಸಿ, ಹೊರಗಿದ್ದರೆ ಸುಮ್ಮನಿರುತ್ತವೆ. ಅಮೆರಿಕದ ನಿಯಮ ಗಡಿ ದಾಟಲು ಬಿಡುವುದು ಮೈಲಿಯ ಹತ್ತನೇ ಒಂದು ಪಾಲನ್ನಷ್ಟೇ. 2019ರಿಂದ ಸಂದೇಶವೂ 360 ಅಕ್ಷರಗಳಿಗೆ ಹಿಗ್ಗಿದೆ. ನಮ್ಮ ಜಾತ್ರೆಯ ಮೈಕನ್ನು ನೆನೆಸಿಕೊಳ್ಳಿ: ‘ಹಳದಿ ಅಂಗಿ ತೊಟ್ಟ, ಹೆಸರು ಹೇಳಲು ಬಾರದ ಮಗು ತೇರಿನ ಹತ್ತಿರ ಅಳುತ್ತಿದೆ.’ ಅದು ಫಲಿಸುವುದು ಮೈಕಿನ ಶಕ್ತಿಯಿಂದಲ್ಲ, ಜಾತ್ರೆಗೆ ಎಲ್ಲೆಯಿರುವುದರಿಂದ. ಇಡೀ ಜಿಲ್ಲೆಗೆ ಅದನ್ನೇ ಕೂಗಿದರೆ ಯಾರಿಗೂ ಕೂಗಿದಂತಾಗುವುದಿಲ್ಲ.

ನಮ್ಮ ಫೋನುಗಳಲ್ಲೂ ಈ ಡಂಗುರ ಬಂದಿದೆ. 2023ರ ಅಕ್ಟೋಬರ್‌ನಲ್ಲಿ ಕರ್ನಾಟಕದ ಸರದಿ. ಒಂದು ಹಗಲು ಮೇಜಿನ ಮೇಲಿದ್ದ ಫೋನುಗಳೆಲ್ಲ ಒಟ್ಟಿಗೆ ಬೊಬ್ಬೆ ಹೊಡೆದದ್ದು ನಿಮಗೂ ನೆನಪಿರಬಹುದು. ಪ್ರಕೃತಿ ವಿಕೋಪಗಳಿಗಾಗಿ ಸಿದ್ಧವಾದ ವ್ಯವಸ್ಥೆಯ ಪರೀಕ್ಷೆ ಅದು. ಅದರ ಒಕ್ಕಣೆ ಹೇಳಿದ್ದೇನೆಂದರೆ, ಇದು ಪರೀಕ್ಷೆ, ದಯವಿಟ್ಟು ನಿರ್ಲಕ್ಷಿಸಿ. ಬೇರೆ ದಾರಿಯಿರಲಿಲ್ಲ, ಒಪ್ಪುತ್ತೇನೆ. ಆದರೂ ಗಂಟೆಯ ಮೊದಲ ಪಾಠವೇ ನಿರ್ಲಕ್ಷ್ಯದ್ದಾಯಿತು.

ಯಂತ್ರದ ಮಾತು ಇಲ್ಲಿಗೆ ಸಾಕು. ಗಂಟೆ ಯಾರಿಗೆ ಬಾರಿಸುತ್ತದೆ, ಯಾರಿಗೆ ಬಾರಿಸುವುದಿಲ್ಲ ಎಂಬುದು ಹೆಚ್ಚು ಕಷ್ಟದ ವಿಷಯ. 2016ರ ಮೇ 2ರಂದು ನ್ಯೂ ಮೆಕ್ಸಿಕೊದ ಶಿಪ್‌ರಾಕ್ ಬಳಿ, ನವಾಹೊ ಮೂಲನಿವಾಸಿಗಳ ಸೀಮೆಯಲ್ಲಿ, ಹನ್ನೊಂದು ವರ್ಷದ ಆಶ್ಲಿನ್ ಮೈಕ್ ಮತ್ತು ಅವಳ ತಮ್ಮನನ್ನು ಒಬ್ಬ ವ್ಯಾನಿನಲ್ಲಿ ಕರೆದೊಯ್ದ. ತಮ್ಮ ತಪ್ಪಿಸಿಕೊಂಡು ಬಂದು ಹೇಳಿದ. ಸಂಜೆಯೇ ದೂರು ಹೋಗಿತ್ತು. ಆದರೆ ಆ ಸೀಮೆಗೆ ತನ್ನದೇ ಆದ ಆಂಬರ್ ವ್ಯವಸ್ಥೆ ಇರಲಿಲ್ಲ. ಬುಡಕಟ್ಟಿನ ಪೊಲೀಸರೋ ರಾಜ್ಯದವರೋ ಕೇಂದ್ರದವರೋ, ಬಾರಿಸಬೇಕಾದವರು ಯಾರೆಂಬ ಗೊಂದಲದಲ್ಲಿ ಎಚ್ಚರಿಕೆ ಹೊರಟಾಗ ನಸುಕಿನ ಎರಡು ದಾಟಿತ್ತು. ಹುಡುಗಿ ಉಳಿಯಲಿಲ್ಲ. 2018ರಲ್ಲಿ ಬಂದ ಕಾನೂನು ಮೂಲನಿವಾಸಿ ಸೀಮೆಗಳಿಗೂ ಈ ವ್ಯವಸ್ಥೆಯನ್ನು ವಿಸ್ತರಿಸಿತು. ಅದಕ್ಕೆ ಅವಳದೇ ಹೆಸರು. ಬಾರಿಸುವ ಕೈ ಯಾರದೆಂದು ಮೊದಲೇ ಗೊತ್ತಿರಬೇಕು, ಅಷ್ಟೆ. ಫ್ರಾನ್ಸ್ ಇದನ್ನು ಚೆನ್ನಾಗಿ ಅರಿತಿದೆ: 2006ರಿಂದ ಅಲ್ಲಿರುವ ವ್ಯವಸ್ಥೆಯಲ್ಲಿ ನಿರ್ಧಾರ ಪಬ್ಲಿಕ್ ಪ್ರಾಸಿಕ್ಯೂಟರ್ ಅವರದು, ಪ್ರಸಾರ ಮೂಲತಃ ಮೂರೇ ಗಂಟೆ, ಬಳಕೆ ತೀರ ಅಪರೂಪ.

ಕ್ಯಾಲಿಫೋರ್ನಿಯಾ ಬೇರೆ ದಾರಿ ಹಿಡಿಯಿತು. ಮೂಲನಿವಾಸಿಗಳಿಗೆ 2023ರಿಂದ ‘ಫೆದರ್ ಅಲರ್ಟ್’, ಕಪ್ಪು ಜನಾಂಗದ ಮಕ್ಕಳಿಗೂ ತರುಣರಿಗೂ 2024ರಿಂದ ‘ಎಬನಿ ಅಲರ್ಟ್’. ಇವುಗಳ ಹಿಂದಿನ ಸಿಟ್ಟು ನ್ಯಾಯವಾದದ್ದು: ಕಪ್ಪು ಹುಡುಗಿ ಕಾಣೆಯಾದರೆ ‘ಓಡಿಹೋಗಿದ್ದಾಳೆ’ ಎಂದು ಬರೆದುಕೊಳ್ಳುವುದು ಠಾಣೆಗಳ ಚಾಳಿ, ಹಾಗೆ ಬರೆದ ಕ್ಷಣ ಅವಳು ಆಂಬರ್ ಮಾನದಂಡದಿಂದ ಹೊರಗೆ. ಆದರೆ ಮದ್ದು ಗಂಟೆಗಳ ಸಂಖ್ಯೆ ಹೆಚ್ಚಿಸುವುದೇ? ನನಗೆ ಒಪ್ಪಿಗೆಯಿಲ್ಲ. ತಪ್ಪಾದದ್ದು ಠಾಣೆಯ ಮೇಜಿನ ಮೇಲೆ, ಆ ಒಂದು ಪದ ಬರೆದಾಗ. ಅಲ್ಲೇ ತಿದ್ದಬೇಕು.

ಭಾರತದ ಅನುಭವ ಇದನ್ನೇ ಹೇಳುತ್ತದೆ. ನೊಯ್ಡಾದ ನಿಠಾರಿಯಲ್ಲಿ ಬಡವರ ಮಕ್ಕಳು ಒಬ್ಬೊಬ್ಬರಾಗಿ ಕಾಣೆಯಾದಾಗ ಹೆತ್ತವರ ದೂರುಗಳು ಠಾಣೆಯಲ್ಲಿ ಲೆಕ್ಕಕ್ಕೇ ಬರಲಿಲ್ಲ; 2006ರ ಡಿಸೆಂಬರಿನಲ್ಲಿ ಚರಂಡಿಯಲ್ಲಿ ಮೂಳೆಗಳು ಸಿಕ್ಕವು. ‘ಬಚಪನ್ ಬಚಾವೋ ಆಂದೋಲನ್’ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2013ರ ಮೇ 10ರಂದು ಆ ಮೇಜಿನ ಮೇಲಿನ ಪದವನ್ನೇ ಬದಲಿಸಿತು: ಮಗು ಕಾಣೆಯಾದ ದೂರು ಬಂದರೆ ಎಫ್‌ಐಆರ್ ಕಡ್ಡಾಯ, ಬೇರೆ ಏನೆಂದು ಸಾಬೀತಾಗುವ ತನಕ ಅಪಹರಣ ಅಥವಾ ಸಾಗಣೆ ಎಂದೇ ಭಾವಿಸಬೇಕು. ಸೈರನ್ನಿಲ್ಲ, ಫೋನಿನ ಬೊಬ್ಬೆಯಿಲ್ಲ. ಆದರೂ ಎಂಥ ಎಚ್ಚರಿಕೆಗಿಂತಲೂ ದೊಡ್ಡ ಸುಧಾರಣೆ ಇದು ಎಂದು ನನ್ನ ಎಣಿಕೆ, ಯಾಕೆಂದರೆ ಇದು ಮುಟ್ಟಿದ್ದು ಸರಪಳಿಯ ಮೊದಲ ಕೊಂಡಿಯನ್ನು. ಪಾಲನೆ ಎಷ್ಟಾಗುತ್ತಿದೆ ಎಂಬುದು ಊರಿಂದೂರಿಗೆ ಬೇರೆ.

ಸರ್ಕಾರದ ಗಂಟೆ ಇಲ್ಲದಿದ್ದರೂ ಜನ ಸುಮ್ಮನಿರುವುದಿಲ್ಲ, ತಾವೇ ಬಾರಿಸುತ್ತಾರೆ. ಕರಾಚಿಯ ‘ರೋಶ್ನಿ ಹೆಲ್ಪ್‌ಲೈನ್’ ಎಂಬ ಸಂಸ್ಥೆ ನಾಪತ್ತೆ ಮಕ್ಕಳ ಬಗ್ಗೆ ಜಾಗೃತಿಗಾಗಿ ಒಂದು ಕಿರುಚಿತ್ರ ಮಾಡಿತ್ತು. ಬೈಕಿನಲ್ಲಿ ಬಂದ ಇಬ್ಬರು ರಸ್ತೆಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಮರುಕ್ಷಣ ಮರಳಿ ಬಂದು ಮಗುವನ್ನಿಳಿಸಿ, ಮಗು ಕದಿಯಲು ಎಷ್ಟು ಕಡಿಮೆ ಹೊತ್ತು ಸಾಕು ಎಂಬ ಫಲಕ ಹಿಡಿಯುತ್ತಾರೆ. ಯಾರೋ ಆ ಕೊನೆಯ ಭಾಗ ಕತ್ತರಿಸಿದರು. ಉಳಿದ ತುಣುಕು 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ಧ್ವನಿ ಸಂದೇಶಗಳ ಜೊತೆ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡಿತು. ಆ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಕಾರ್ಮಿಕನೊಬ್ಬನನ್ನು ಗುಂಪು ಹೊಡೆದು ಕೊಂದಿತು.

ಅದೇ ವರ್ಷದ ಜುಲೈ 13ರಂದು ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನಲ್ಲಿ ಕಾರು ನಿಲ್ಲಿಸಿದ ಕೆಲವು ಗೆಳೆಯರಲ್ಲಿ ಒಬ್ಬ ಕತಾರಿನಿಂದ ಬಂದವನು. ಶಾಲೆಯಿಂದ ಹೊರಟ ಮಕ್ಕಳಿಗೆ ಚಾಕೊಲೇಟ್ ಕೊಟ್ಟ. ಅವರ ವಿಡಿಯೊ, ಕಾರಿನ ಗುರುತು ವಾಟ್ಸಾಪಿನಲ್ಲಿ ಹೊರಟಿತು. ಹೆದರಿದ ಗೆಳೆಯರು ಕಾರು ಹತ್ತಿ ಓಡಿದರು. ಮುರ್ಕಿ ಎಂಬ ಹಳ್ಳಿಗೆ ಕಾರು ಬರುವ ಮೊದಲೇ ಸುದ್ದಿ ಬಂದಿತ್ತು, ರಸ್ತೆಗೆ ಅಡ್ಡ ಹಾಕಿಯಾಗಿತ್ತು, ಜನ ಸೇರಿದ್ದರು. ಹೈದರಾಬಾದಿನ ಒಬ್ಬ ಎಂಜಿನಿಯರ್ ಅಲ್ಲೇ ಸತ್ತ, ಉಳಿದವರು ತೀವ್ರವಾಗಿ ಗಾಯಗೊಂಡರು. ಗಾಡಿಯ ವಿವರ ಗಾಡಿಗಿಂತ ಮುಂದೆ ಓಡಬೇಕು, ಎಲ್ಲೆಯೊಳಗಿನ ಪ್ರತಿಯೊಬ್ಬರಿಗೂ ಮುಟ್ಟಬೇಕು, ನೋಡಿದವರು ಕೂಡಲೇ ಎದ್ದು ನಿಲ್ಲಬೇಕು: 1996ರ ಆರ್ಲಿಂಗ್‌ಟನ್‌ನಲ್ಲಿ ಇಲ್ಲದಿದ್ದ ಎಲ್ಲವೂ ಆ ಸಂಜೆ ಮುರ್ಕಿಯಲ್ಲಿತ್ತು. ಕಾಣೆಯಾದ ಮಗುವೊಂದು ಮಾತ್ರ ಇರಲಿಲ್ಲ.